ಮೂಳೆಗೆ ತೊನ್ನಿಲ್ಲ

ನಮ್ಮ ಮನೆಯಲ್ಲಿ ಸಾಕತ್ತೆಯ ಊಟದ ತಟ್ಟೆ ಕೊಟ್ಟಿಗೆಯ ಗೂಡಿನಲ್ಲಿರುತ್ತಿತ್ತು. ನೀಲಿ ಅಂಚಿನ ಪಿಂಗಾಣಿ ತಟ್ಟೆ ಎಂದು ಬರೆಯಲು ಹೊರಟು ಕೈ ತಡೆದೆ. ಆ ನೀಲಿ ಅಂಚು ನಾನು ಮುಂದೆ ಇನ್ನೆಲ್ಲೋ ನೋಡಿದ ತಟ್ಟೆಯದಿರಬಹುದು. ನೆನಪು ಹೀಗೆ ಕದ್ದ ಮಾಲನ್ನು ತಂದು ಇದು ನಿಮ್ಮ ಮನೆಯದೇ ಎಂದು ಜೋಡಿಸಿಡುತ್ತದೆ. ಆದರೆ ತಟ್ಟೆ ಕೊಟ್ಟಿಗೆಯಲ್ಲಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಒಮ್ಮೆ ಅದನ್ನು ತೊಳೆದು, ಮರೆತು, ಅಡುಗೆಮನೆಯ ಹಲಗೆಯ ಮೇಲೆ ಮಿಕ್ಕ ತಟ್ಟೆಗಳ ಜೊತೆ ಇಟ್ಟುಬಿಟ್ಟಿದ್ದೆ. ತಾತ ನನ್ನ ಕಿವಿ ಹಿಂಡಿ, ಹಿಂಡಿದ ಕಿವಿಯನ್ನು ಬಿಡದೆ, ನಡುಮನೆ ದಾಟಿಸಿ ಕೊಟ್ಟಿಗೆಯವರೆಗೂ ಎಳೆದುಕೊಂಡು ಹೋಗಿ ತಟ್ಟೆಯ ಜಾಗ ತೋರಿಸಿದ. ತಟ್ಟೆಯ ಬಣ್ಣ ಮರೆಯಬಹುದು, ಆ ದಾರಿ ಮರೆಯುವುದಿಲ್ಲ.

ಸಾಕತ್ತೆ, ಅಂದರೆ ಸಾಕಮ್ಮ, ನನ್ನ ಅಪ್ಪನ ಅಕ್ಕ. ನಮ್ಮದು ನಾಗಮಂಗಲದ ಕಡೆಯ ಬೆದ್ದಲು ಭೂಮಿ, ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಇಲ್ಲ. ಅವಳನ್ನು ಪಾಂಡವಪುರದ ಕಡೆ ನಾಲೆ ನೀರಿನ ಊರಿಗೆ ಕೊಟ್ಟು ಮದುವೆ ಮಾಡಿದಾಗ ಅದೃಷ್ಟವಂತೆ ಎಂದು ಎಲ್ಲರೂ ಹೊಗಳಿದ್ದರಂತೆ. ತುಟಿಯ ಪಕ್ಕ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ತವರಿಗೆ ಹೋಗಿ ಕೆಲವು ದಿನ ಇದ್ದು ಬಾ ಎಂದು ಬಸ್ಸು ಹತ್ತಿಸಿದ ಗಂಡ ಮತ್ತೆ ಕರೆಯಲು ಬರಲಿಲ್ಲ. ನಾನು ಹುಟ್ಟುವ ಹೊತ್ತಿಗೆ ಅವಳ ಎರಡು ಮುಂಗೈ, ಕುತ್ತಿಗೆ, ಒಂದು ಕಣ್ಣಿನ ಸುತ್ತ ಬಣ್ಣ ಹೋಗಿತ್ತು. ಅವಳ ಕೈಯಲ್ಲೇ ಸ್ನಾನ ಮಾಡಿಸಿಕೊಂಡು, ಅವಳ ಮಗ್ಗುಲಲ್ಲೇ ಮಲಗಿ ಬೆಳೆದ ನನಗೆ ಅತ್ತೆ ಎಂದರೆ ಹಾಗೇ ಇರಬೇಕು ಅನ್ನಿಸಿತ್ತು. ಒಂದೇ ಬಣ್ಣದ ಅತ್ತೆಯರನ್ನು ಕಂಡಾಗ ಅವರಲ್ಲೇ ಏನೋ ಕಡಿಮೆಯಾಗಿದೆ ಎಂದುಕೊಳ್ಳುತ್ತಿದ್ದೆ. ಇದು ಚರ್ಮದ ಬಣ್ಣ ಹೋಗುವುದಷ್ಟೇ, ಯಾರಿಗೂ ಅಂಟುವುದಿಲ್ಲ ಎಂದು ನಾಗಮಂಗಲದ ಡಾಕ್ಟರು ಅಪ್ಪನಿಗೆ ಬಿಡಿಸಿ ಹೇಳಿದ್ದರು. ಅಪ್ಪ ಅದನ್ನು ತಾತನಿಗೆ ಹೇಳಿದ. ಡಾಕ್ಟರೇನು ನಮ್ಮ ಮನೆಯಲ್ಲಿ ಕೂತು ಉಣ್ಣುತ್ತಾನೆಯೇ ಎಂದು ತಾತ ಕೇಳಿದ. ಅಪ್ಪ ಸುಮ್ಮನಾದ. ಸುಮ್ಮನಾಗುವುದು ಅಪ್ಪನ ಕಸುಬಾಗಿತ್ತು.

ತಾತನ ಕಟ್ಟಳೆಯನ್ನು ಈಗ ಯೋಚಿಸಿದರೂ ಮೈ ಉರಿಯುತ್ತದೆ. ಅತ್ತೆ ರಾಗಿ ಬೀಸಬಹುದು, ಒಲೆ ಹಚ್ಚಬಹುದು, ಅಷ್ಟು ಜನಕ್ಕೆ ಮುದ್ದೆ ತೊಳಸಬಹುದು, ಏಕೆಂದರೆ ಬೆಂಕಿಯ ಮೇಲೆ ಹೋದದ್ದಕ್ಕೆ ದೋಷವಿಲ್ಲ. ಆದರೆ ತಟ್ಟೆಗೆ ಬಡಿಸುವ ಹಾಗಿಲ್ಲ. ಅವಳು ಕೋಲು ಹಿಡಿದು, ಪಾತ್ರೆಯನ್ನು ಕಾಲಲ್ಲಿ ಒತ್ತಿ, ಬೆವರು ಸುರಿಸಿ ತೊಳಸಿದ ಹಿಟ್ಟನ್ನು ಅಮ್ಮ ಮುದ್ದೆ ಕಟ್ಟಿ ಬಡಿಸಬೇಕು. ಉಂಡವರೆಲ್ಲ ಮುದ್ದೆ ಗಂಟಿಲ್ಲದೆ ನುಣ್ಣಗಿದೆ ಎಂದು ಹೊಗಳಬೇಕು. ಅತ್ತೆ ಕೊಟ್ಟಿಗೆಯ ಹೊಸಲಿನಲ್ಲಿ ಕೂತು ಅದನ್ನು ಕೇಳಿಸಿಕೊಳ್ಳಬೇಕು. ಅಜ್ಜಿ ಮಾತ್ರ ಇದಕ್ಕೆ ಒಗ್ಗಲಿಲ್ಲ. ಮಾರ್ನಾಮಿಯ ದಿನ ಸತ್ತ ಹಿರಿಯರಿಗೆ ಎಡೆ ಇಟ್ಟು, ಎಲ್ಲರೂ ಊಟಕ್ಕೆ ಕೂತಾಗ, ಅವಳು ತನ್ನ ಎಲೆ ಬಿಟ್ಟು ಎದ್ದುಹೋಗಿ ಮಗಳ ತಟ್ಟೆಗೇ ಕೈ ಹಾಕಿ ಉಣ್ಣತೊಡಗಿದಳು.

"ಏನಮ್ಮಿ ಅದು, ಹಬ್ಬದ ದಿನ?" ಎಂದ ತಾತ.

"ಊಟ. ಕಾಣಾಕಿಲ್ವಾ?"

"ಮನೆ ಅಂದ್ಮೇಲೆ ಒಂದ್ ಕಟ್ಟಳೆ ಬ್ಯಾಡ್ವಾ?"

"ಅವ್ಳು ತೊಳಸಿದ್ ಹಿಟ್ಟು ನುಂಗ್ತೀಯ, ಅವ್ಳು ಇಕ್ಕುದ್ರೆ ಗಂಟ್ಲಾಗ್ ಸಿಕ್ಕಾಕತದಾ? ಕಟ್ಟಳೆ ಮಾಡ್ದೋನು ನೀನು, ಸವೆಸ್ತಿರೋಳು ನನ್ ಮಗ್ಳು."

ತಾತ ಎಲೆ ಮಡಿಸಿ ಎದ್ದ. ಆಮೇಲೆ ಬಹಳ ದಿನ ಅವರಿಬ್ಬರೂ ನನ್ನ ಮೂಲಕ ಮಾತಾಡಿದರು. ಒಂದೇ ನಡುಮನೆಯಲ್ಲಿ ಎದುರುಬದುರು ಕೂತು, ನೀರು ಬೇಕಂತೆ ಹೇಳು, ಅಲ್ಲೇ ಐತಂತೆ ಹೇಳು ಎಂದು.

ತಾತ ತೀರಿಕೊಂಡಾಗ ನಮ್ಮ ಪದ್ಧತಿಯಂತೆ ನಮ್ಮದೇ ಹೊಲದ ಮೂಲೆಯಲ್ಲಿ ಹೂತರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ತಲೆಯ ಕಡೆ ಒಂದು ಕಲ್ಲು ನೆಟ್ಟರು. ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದೆವು. ಅದಾದ ಎರಡನೇ ವರ್ಷ ಸಾಕತ್ತೆ ಜ್ವರ ಬಂದು ಸತ್ತಳು. ಹೆಣ ಇನ್ನೂ ಜಗಲಿಯ ಮೇಲಿರುವಾಗಲೇ ಊರ ಯಜಮಾನ ಕೆಂಪಣ್ಣ ಬಂದು, ತೊನ್ನಿರುವ ಹೆಣವನ್ನು ಹೂಳುವಂತಿಲ್ಲ, ಸುಡಬೇಕು, ಹೂತರೆ ಮಳೆ ಹೋಗುತ್ತದೆ ಎಂದ. ನಮ್ಮ ಸೀಮೆಯಲ್ಲಿ ಈ ಮಾತನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ. ಮನೆಯವರ ಜೊತೆ ಉಣ್ಣಲು ಬಿಡಲಿಲ್ಲ, ಮನೆಯವರ ಜೊತೆ ಮಲಗಲಾದರೂ ಬಿಡಿ ಎಂದು ಅಜ್ಜಿ ಹೆಣದ ಕಾಲು ಹಿಡಿದುಕೊಂಡು ಕೂತುಬಿಟ್ಟಳು. ಆಗ ಕೆರೆ ತುಂಬಿತ್ತು, ರಾಗಿ ತೆನೆಗಟ್ಟಿತ್ತು. ಹೊಟ್ಟೆ ತುಂಬಿದ ಊರಿಗೆ ಹಟ ಇರುವುದಿಲ್ಲ. ಅತ್ತೆಯನ್ನು ತಾತನ ಎಡಕ್ಕೆ, ಹುಣಸೆಮರದ ಕಡೆಗೆ ಹೂತರು. ಎರಡು ದಿಬ್ಬ, ಎರಡು ಕಲ್ಲು, ಯಾವುದಕ್ಕೂ ಹೆಸರಿಲ್ಲ. ಒಂದು ಮಳೆಗಾಲದಲ್ಲಿ ಎರಡರ ಮೇಲೂ ಒಂದೇ ಹುಲ್ಲು ಬೆಳೆಯಿತು.

ಮುಂದಿನ ವರ್ಷ ಮಳೆ ಕೈಕೊಟ್ಟಿತು. ಬಿತ್ತನೆ ನಿಂತಿತು. ಮಕ್ಕಳು ಮಣ್ಣಿನ ಮಳೆರಾಯನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ನೀರು ಹುಯ್ಯಿಸಿಕೊಂಡೆವು. ಕಪ್ಪೆಗಳಿಗೆ ಮದುವೆಯಾಯಿತು. ಯಾವುದಕ್ಕೂ ಮೋಡ ಕರಗದಿದ್ದಾಗ ಜನರ ಕಣ್ಣು ನಮ್ಮ ಹೊಲದ ಮೂಲೆಗೆ ತಿರುಗಿತು. ಈ ಜಾಗದಲ್ಲಿ ನನಗೆ ತಡೆಯಲಾಗದಷ್ಟು ಸಿಟ್ಟು ಬರುತ್ತದೆ, ಏಕೆಂದರೆ ಲೆಕ್ಕ ಅಷ್ಟು ಸುಲಭವಾಗಿತ್ತು. ಅತ್ತೆ ಸತ್ತು ಮಣ್ಣಿಗೆ ಹೋದ ವರ್ಷ ಕೊಯ್ಲಿನ ತನಕ ಹದವಾಗಿ ಮಳೆಯಾಗಿತ್ತು. ಆಗಲೂ ಅವಳು ನೆಲದೊಳಗೇ ಇದ್ದಳು. ಇನ್ನು ಪಾಂಡವಪುರದ ಕಡೆ ನಾಲೆ ಹರಿಯುವ ಊರುಗಳಲ್ಲಿ ಯಾರಿಗೆ ಯಾವ ಮಚ್ಚೆಯಿತ್ತು ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕಬ್ಬು ಬೆಳೆಯುತ್ತದೆ, ಹೆಣಗಳು ನೆಮ್ಮದಿಯಾಗಿ ಮಣ್ಣಾಗುತ್ತವೆ. ಅಂದರೆ ಅದೇ ಅತ್ತೆ ಗಂಡನ ಮನೆಯಲ್ಲೇ ಸತ್ತಿದ್ದರೆ ಅವಳಿಂದ ಯಾವ ಮೋಡಕ್ಕೂ ತೊಂದರೆಯಾಗುತ್ತಿರಲಿಲ್ಲ.

ಕೆಂಪಣ್ಣ ಊರಿನ ಕೆಲವರನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದು ನಮ್ಮ ಜಗಲಿಯ ಮೇಲೆ ಕೂತ. ಅಮ್ಮ ಕಾಫಿ ಮಾಡಿ ಕೊಟ್ಟಳು. ಅತ್ತೆಯನ್ನು ಕಿತ್ತು ಸುಡುತ್ತೇವೆ ಎಂದು ಹೇಳಲು ಬಂದವರಿಗೆ ಕಾಫಿ ಕೊಟ್ಟೆವು, ನಾನೇ ಲೋಟ ಹಂಚಿದೆ. ಶ್ರೀರಂಗಪಟ್ಟಣದಲ್ಲಿ ಗುಮಾಸ್ತೆಯಾಗಿದ್ದ ಚಿಕ್ಕಪ್ಪನಿಗೆ ಮೊದಲೇ ಹೇಳಿಕಳಿಸಿದ್ದರು, ಅವನೂ ಬಂದಿದ್ದ. ಹೂತ ಹೆಣ ತೆಗೆಯಲು ಸರ್ಕಾರದ ಅಪ್ಪಣೆ ಬೇಕು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದವನು ಗೋಡೆ ನೋಡುತ್ತ ಕೂತಿದ್ದ.

"ನೋಡ್ಲಾ ರಾಮ," ಎಂದು ಕೆಂಪಣ್ಣ ಅಪ್ಪನಿಗೆ ಹೇಳಿದ. "ನಿಂಗೊಬ್ಬುಂಗೆ ಅಲ್ಲ, ಇಡೀ ಊರ್‌ಗೆ ಕುತ್ತು ಬಂದದೆ. ನೀನು ಡೇರಿಲಿ ಕುಂತ್ಕೊಂಡು ಹಾಲು ಅಳೀತೀಯ. ಮೇವಿಲ್ದಿದ್ರೆ ಹಾಲೆಲ್ಲಿ? ಊರ್ ಬ್ಯಾಡ ಅಂದ್ರೆ ಡೇರಿ ಎಲ್ಲಿ?"

"ಸತ್ತೋರುನ್ನ ಕೀಳೋದು ಸರಿ ಕಾಣಾಕಿಲ್ಲ ಅಣ್ಣ," ಎಂದ ಅಪ್ಪ. ಅಷ್ಟೇ. ಅದೂ ಲೋಟದೊಳಕ್ಕೆ ಹೇಳಿದಂತಿತ್ತು.

"ಊರ್ ಜೊತೆ ಗುದ್ದಾಡಕಾಯ್ತದಾ?" ಎಂದ ಚಿಕ್ಕಪ್ಪ. "ಸುಟ್ಟು ಬೂದಿನಾ ಕಾವೇರಿಗೆ ಬುಟ್ಟುದ್ರೆ ಅವ್ಳಿಗೂ ಒಳ್ಳೇದೇ ಅಲ್ವಾ?"

ಆಗ ಒಳಗಿನಿಂದ ಅಜ್ಜಿ ಬಂದಳು. ಅವಳು ಕೂಗಾಡುತ್ತಾಳೆ, ಹಿಂದಿನ ಹಾಗೆ ಕಾಲು ಹಿಡಿದುಕೊಂಡು ಕೂರುತ್ತಾಳೆ ಎಂದು ಎಲ್ಲರೂ ಕಾದಿದ್ದರು. ಅವಳು ಸೆರಗು ಬಿಗಿದುಕೊಂಡಳು.

"ನಡೀರಿ. ನಾನೇ ತೋರುಸ್ತೀನಿ. ಬ್ಯಾರೆಯೋರು ತೋರ್ಸೋದ್ ಬ್ಯಾಡ."

ಹೆಂಗಸರು ಬರುವುದು ಬೇಡ ಎಂದು ಯಾರೋ ಅಂದರು. ಅವಳು ತಿರುಗಿ ನೋಡಲಿಲ್ಲ. ಕಣ್ಣಿಗೆ ಪೊರೆ ಬಂದಿದ್ದ ಅವಳ ಕೈ ಹಿಡಿದುಕೊಂಡು ಬದುವಿನ ಮೇಲೆ ನಡೆದವಳು ನಾನು. ಹೊಲದ ಮೂಲೆಗೆ ಬಂದಾಗ ಅವಳು ನನ್ನ ಕೈ ಬಿಟ್ಟಳು. ಎಡಗಡೆ, ಹುಣಸೆಮರದ ಕಡೆಯ ದಿಬ್ಬವನ್ನು ದಾಟಿದಳು. ಬಲಗಡೆಯ ದಿಬ್ಬದ ಮುಂದೆ ನಿಂತು, ಕಾಲ ಹೆಬ್ಬೆರಳಿನಿಂದ ಮಣ್ಣು ಒತ್ತಿ ತೋರಿಸಿದಳು.

"ಇದೇ."

ಅದು ತಾತ. ಅತ್ತೆಯ ಹಾಲುತುಪ್ಪಕ್ಕೆ ನಾನೇ ಚೊಂಬು ಹಿಡಿದು ಬಂದವಳು, ಅದು ತಾತನ ದಿಬ್ಬ ಎಂದು ನನಗೆ ಗೊತ್ತಿತ್ತು. ಪೊರೆ ಬಂದ ಕಣ್ಣು, ಪಾಪ, ತಪ್ಪಿತು ಎಂದುಕೊಂಡು ಬಾಯಿ ತೆರೆದೆ. ಅಜ್ಜಿ ನನ್ನ ಕಡೆ ತಿರುಗಿದಳು. ಆ ಕಣ್ಣು ತಪ್ಪಿರಲಿಲ್ಲ. ಅಪ್ಪನನ್ನು ನೋಡಿದೆ. ಅಪ್ಪ ಒಂದು ಸಲ ಎಡದ ಕಲ್ಲು ನೋಡಿದ, ಒಂದು ಸಲ ಅಜ್ಜಿಯನ್ನು ನೋಡಿದ, ಆಮೇಲೆ ನೆಲ ನೋಡಿದ. ಅವನ ಕಸುಬು ಮೊದಲ ಸಲ ಒಂದು ಉಪಯೋಗಕ್ಕೆ ಬಂದಿತ್ತು.

ಹಾರೆ ಹಾಕಿದರು, ಗುದ್ದಲಿ ಹಾಕಿದರು, ಮಂಕರಿಯಲ್ಲಿ ಮಣ್ಣು ಎತ್ತಿದರು. ಹೆಣ ತೆಗೆಯುವುದೆಂದರೆ ಏನೋ ಭಯಂಕರವಾದದ್ದು ಹೊರಬರುತ್ತದೆ ಎಂದು ನಾನು ಕಾದು ನಿಂತಿದ್ದೆ. ಬಂದದ್ದು ಕಂದು ಬಣ್ಣದ ಬಟ್ಟೆಯ ಚಿಂದಿ, ಮಣ್ಣು ಮೆತ್ತಿದ ಮೂಳೆ, ಬೇರಿನ ಎಳೆಗಳು ಹೊಕ್ಕ ಒಂದು ತಲೆ. ಮಣ್ಣು ಮನುಷ್ಯನನ್ನು ಅವಸರವಿಲ್ಲದೆ, ಹೊರಗಿನಿಂದ ಒಳಕ್ಕೆ ತೆಗೆದುಕೊಳ್ಳುತ್ತದೆ. ಚರ್ಮ ಬೇಗ ಹೋಗುತ್ತದೆ, ಮೂಳೆ ನಿಧಾನವಾಗಿ. ಊರು ಹೆದರಿದ್ದು ಚರ್ಮದ ಒಂದು ಮಚ್ಚೆಗೆ. ಎಡಗಡೆಯ ದಿಬ್ಬವನ್ನೇ ಅಗೆದಿದ್ದರೂ ಅವರು ಹುಡುಕಿಕೊಂಡು ಬಂದದ್ದು ಅಲ್ಲಿರುತ್ತಿರಲಿಲ್ಲ, ಅದನ್ನು ಮಣ್ಣು ಎಂದೋ ತೀರಿಸಿತ್ತು. ಇದನ್ನು ಯೋಚಿಸಲು ಅಲ್ಲಿ ಒಬ್ಬನೂ ಇರಲಿಲ್ಲ. ಗುಂಡಿಯಲ್ಲಿ ನಿಂತಿದ್ದವನೊಬ್ಬ ತೊಡೆಯ ಮೂಳೆ ಎತ್ತಿ ಹಿಡಿದು ನೋಡಿದ.

"ಅಲ್ಲಾ, ಸಾಕಮ್ಮ ಇಷ್ಟ್ ಉದ್ದ ಇದ್ಲಾ?"

"ಹೆತ್ತೋಳು ನಾನು," ಎಂದಳು ಅಜ್ಜಿ. "ನಿಂಗೊತ್ತಾ, ನಂಗೊತ್ತಾ?"

"ಎಲ್ಲಾ ಬೆಳ್ಳಗೆ ಅದೆ ಕಣಣ್ಣ," ಎಂದು ಇನ್ನೊಬ್ಬ ಮೆಲ್ಲಗೆ ಕೆಂಪಣ್ಣನಿಗೆ ಹೇಳಿದ, ರೋಗ ಮೂಳೆಗೂ ಇಳಿದಿದೆ ಎನ್ನುವ ಹಾಗೆ.

"ನಿಂದೇನ್ಲಾ ಕರ್‍ರಗದಾ?" ಎಂದಳು ಅಜ್ಜಿ. "ಮೂಳೆ ಎಲ್ರುದೂ ಬೆಳ್ಳುಗೇ. ಮೂಳೆಗೆಲ್ಲಿ ತೊನ್ನು?"

ಒಬ್ಬಿಬ್ಬರು ನಕ್ಕುಬಿಟ್ಟರು. ಆಮೇಲೆ ಸೌದೆ ಒಟ್ಟಿ, ಸೀಮೆಎಣ್ಣೆ ಸುರಿದು, ಬೆಂಕಿ ಇಟ್ಟರು. ಹೆಂಡತಿ, ಮಕ್ಕಳು, ಮೊಮ್ಮಗಳು ನೋಡುತ್ತಿರುವಾಗ, ಮಗಳ ತಟ್ಟೆಯನ್ನು ಕೊಟ್ಟಿಗೆಗೆ ಕಳಿಸಿದ ತಾತನನ್ನು ತೊನ್ನಿನವಳೆಂದು ಸುಟ್ಟರು. ಮಿಕ್ಕ ಮೂಳೆಚೂರು, ಬೂದಿ ಊರಿನ ಎಲ್ಲೆಯಲ್ಲಿ ಇರಕೂಡದು ಎಂದು ಕಟ್ಟಿ ಕೊಟ್ಟರು. ಚಿಕ್ಕಪ್ಪ ಶ್ರೀರಂಗಪಟ್ಟಣಕ್ಕೆ ಒಯ್ದು ಹೊಳೆಗೆ ಬಿಟ್ಟ. ಅವನಿಗೂ ಗೊತ್ತಿತ್ತೇ? ಎಷ್ಟೋ ವರ್ಷದ ಮೇಲೆ ಕೇಳಿದೆ. ಯಾವ ದಿಬ್ಬ ಎಂದು ನಾನು ಗಮನಿಸಲೇ ಇಲ್ಲ ಕಣಮ್ಮ ಎಂದ. ಅಪ್ಪನ ದಿಬ್ಬವನ್ನು ಗಮನಿಸದ ಮಗ ಇರಬಹುದು. ನಾನು ನಂಬಲಿಲ್ಲ.

ಮಳೆ ಬಂತು. ಯಾವಾಗ ಬಂತು ಎನ್ನುವುದರಲ್ಲಿ ನಮ್ಮ ಮನೆಯಲ್ಲೇ ಒಮ್ಮತವಿಲ್ಲ. ಅದೇ ಸಂಜೆ ಬಂತು, ಬೂದಿ ಇನ್ನೂ ಬಿಸಿಯಿತ್ತು ಎಂದು ಊರು ಹೇಳುತ್ತದೆ. ನನ್ನ ಕಣ್ಣಿಗೂ ಬೂದಿಯ ಮೇಲೆ ಹನಿ ಬಿದ್ದು ಹೊಗೆ ಎದ್ದ ಚಿತ್ರ ಬರುತ್ತದೆ. ಆದರೆ ಆ ಸಂಜೆ ನಮ್ಮನ್ನು ಮನೆಯಿಂದ ಆಚೆ ಬಿಟ್ಟಿರಲಿಲ್ಲ, ಹಾಗಾಗಿ ಆ ಚಿತ್ರ ಊರಿನವರಿಂದ ನನ್ನೊಳಕ್ಕೆ ಬಂದು ಸೇರಿಕೊಂಡಿದ್ದು. ಅದಾದ ಮೇಲೂ ದನಗಳಿಗೆ ಮೇವು ಕೊಳ್ಳಲು ಅಪ್ಪ ನಾಲೆಯ ಕಡೆಯ ಊರಿಗೆ ಗಾಡಿ ಕಟ್ಟಿಕೊಂಡು ಹೋಗುತ್ತಲೇ ಇದ್ದ ಎಂದು ಅಮ್ಮ ಹೇಳುತ್ತಾಳೆ. ಅಮ್ಮನನ್ನು ನಂಬುತ್ತೇನೆ, ಅವಳು ದನದ ಹೊಟ್ಟೆಯಿಂದ ಕಾಲ ಅಳೆಯುವವಳು. ಏನೇ ಇರಲಿ, ಬಂದ ಮಳೆಯ ಮೇಲೆ ಕೆಂಪಣ್ಣನ ಹೆಸರು ಬಿತ್ತು. ಸುತ್ತಲ ಊರುಗಳಲ್ಲಿ ಅವನು ದೊಡ್ಡ ಮನುಷ್ಯನಾದ. ನಾವು ಬಾಯಿ ಮುಚ್ಚಿಕೊಂಡಿದ್ದೆವು. ಅತ್ತೆ ಮಣ್ಣಿನಲ್ಲೇ ಇದ್ದಾಳೆ, ಆದರೂ ಮಳೆ ಬಂದಿದೆ, ಎಂದರೆ ಇದೆಲ್ಲ ಸುಳ್ಳು. ಆ ಸುಳ್ಳನ್ನು ಒಡೆಯುವ ಸತ್ಯ ನಮ್ಮ ಮನೆಯಲ್ಲಿತ್ತು, ಹೇಳಿದರೆ ಮತ್ತೆ ಹಾರೆ ಗುದ್ದಲಿ ಬರುತ್ತವೆ. ಮಾರ್ನಾಮಿಯಲ್ಲಿ ಅಮ್ಮ ಇಬ್ಬರಿಗೂ ಎಡೆ ಇಟ್ಟು, ಯಾರ ಎಡೆ ಯಾವುದು ಎಂದು ಗಟ್ಟಿಯಾಗಿ ಹೇಳಲೂ ಹೆದರುತ್ತಿದ್ದಳು.

ಇನ್ನೊಂದು ಬರ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಕೆಂಪಣ್ಣ ಒಬ್ಬ ಹೊಸಬನನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದ. ಕೆ.ಆರ್.ಪೇಟೆ ಕಡೆಯವನು, ನಂಜುಂಡ ಎಂದು ಹೆಸರು, ಲಾರಿ ಓಡಿಸುವ ಕೆಲಸ. ತೀರಿಕೊಂಡ ಅವನ ತಾಯಿಗೂ ತೊನ್ನಿತ್ತು, ಅವರ ಊರಿನಲ್ಲೂ ಅಗೆಯಲು ಹಾರೆ ಹಿಡಿದು ನಿಂತಿದ್ದರು. ಸಂಶಯವಿದ್ದರೆ ಸಾಕಮ್ಮನ ಮನೆಯವರನ್ನೇ ಕೇಳಿ ಬಾ ಎಂದು ನಮ್ಮ ಊರನ್ನೇ ಸಾಕ್ಷಿ ಮಾಡಿ ಕಳಿಸಿದ್ದರು.

"ಕೇಳ್ಕೊಳಪ್ಪ," ಎಂದು ಕೆಂಪಣ್ಣ ಮೀಸೆ ಸವರಿದ. "ಇವ್ರ್ ಮನೇದೇ. ನಾವೇ ಮುಂದೆ ನಿಂತ್ಕೊಂಡು ಮಾಡ್ಸಿದ್ದು. ದೊಡ್ಡವ್ವ, ಹೇಳಿ ಇವುಂಗೆ."

ನಂಜುಂಡ ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಅಜ್ಜಿ, ನಮ್ಮವ್ವುನ್ನ ಹೂತು ಇನ್ನೂ ಮಣ್ಣೇ ಕುಸ್ದಿಲ್ಲ. ಒಳಗೆ ಹೆಂಗವ್ಳೋ ಏನೋ. ಅವ್ಳುನ್ನ ಹಂಗೆ ಎತ್ತೋದ್ನ ನಾನ್ ನೋಡಕಾಯ್ತದಾ? ದಿಟ ಹೇಳಿ. ನಿಮ್ ಮಗಳ್ನ ಸುಟ್ ಮ್ಯಾಲೆ ಮಳೆ ಬಂತಾ?"

ಅಜ್ಜಿ ಎಲೆಅಡಿಕೆ ಉಗಿದು ಬಂದು ಕೂತಳು.

"ಬಂತು ಕಣಪ್ಪ."

ಕೆಂಪಣ್ಣ ತಲೆಯಾಡಿಸಿದ.

"ನನ್ ಗಂಡುನ್ನ ಸುಟ್ ಮ್ಯಾಲೆ ಬಂತು. ನಾನು ತೋರ್ಸಿದ್ದು ಅವುನ್ ಗುಂಡಿನಾ. ನನ್ ಮಗ್ಳು ಇದ್ದಲ್ಲೇ ಅವ್ಳೆ. ಅವ್ಳು ನೆಲದಾಗೆ ಇದ್ದಂಗೇ ಮಳೆ ಹುಯ್ತು, ಕೆರೆ ಕೋಡಿ ಬಿತ್ತು, ಇವ್ರೆಲ್ಲ ಕುಯ್ದು ತುಂಬ್ಕೊಂಡ್ರು. ನಿಮ್ಮವ್ವ ಯಾರ್ ಮೋಡುನೂ ಹಿಡ್ಕಂಡಿಲ್ಲ. ಅವ್ಳುನ್ನ ಮಲುಗ್ಸಿರೋ ಕಡೆ ಮಲುಗಕ್ ಬುಡು."

ಕೆಂಪಣ್ಣನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ನಕ್ಕ. "ಅರಳುಮರಳು ಕಣಪ್ಪ. ಮಗ್ಳು ಹೋದ್ ಮ್ಯಾಲೆ ದೊಡ್ಡವ್ವ ಇಂಗೇ. ಲೋ ರಾಮ, ನಿಮ್ಮವ್ವುನ್ನ ಒಳಕ್ ಕರ್ಕೊಂಡ್ ಹೋಗ್ಲಾ."

ಅಪ್ಪ ಡೇರಿಯಿಂದ ಆಗ ತಾನೇ ಬಂದು ಬಾಗಿಲಲ್ಲಿ ನಿಂತಿದ್ದ. ಅವನು ಅಜ್ಜಿಯ ರಟ್ಟೆ ಹಿಡಿದು ಎಬ್ಬಿಸುತ್ತಾನೆ ಎಂದೇ ನಾನು ತಿಳಿದೆ.

"ದಿಟ ಕಣಣ್ಣ," ಎಂದ.

"ಏನ್ಲಾ ದಿಟ?"

"ಅವ್ವ ಹೇಳಿದ್ದು. ನಾವ್ ಸುಟ್ಟಿದ್ದು ನಮ್ಮಪ್ಪುನ್ನ. ನಂಗೂ ಗೊತ್ತಿತ್ತು."

"ಅಂಗಾರೆ ಇವತ್ತೇ ಇನ್ನೊಂದುನ್ನೂ ಅಗೀತೀವಿ ಕಣ್ಲಾ!"

"ಅಗೀರಿ. ಆದ್ರೆ ಯಾತಕ್ ಅಗೀತಿದ್ದೀವಿ ಅಂತ ಊರ್‌ಗೆ ಹೇಳಿ ಅಗೀರಿ. ಹೋದ್ ಸಾರಿ ತಪ್ಪಾಗಿ ಮುದ್ಕುನ್ ಸುಟ್ಬುಟ್ವಿ, ಆದ್ರೂ ಮಳೆ ಬಂತು ಅಂತ ನೀನೇ ನಿಂತ್ಕೊಂಡು ಹೇಳು."

ಕೆಂಪಣ್ಣ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದ. ಅತ್ತೆಯನ್ನು ಯಾರೂ ಅಗೆಯಲಿಲ್ಲ. ಅಪ್ಪನ ಡೇರಿ ಕೆಲಸ ಹೋಯಿತು. ನಂಜುಂಡನ ತಾಯಿಯನ್ನೂ ಬಿಟ್ಟರು ಎಂದು ಆಮೇಲೆ ತಿಳಿಯಿತು. ಅಪ್ಪನ ಮಾತಿಗೆ ಬಿಟ್ಟರೋ, ಅಷ್ಟರಲ್ಲಿ ಎರಡು ಹದ ಮಳೆ ಬಿದ್ದು ಮರೆತರೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪದ್ಧತಿಯೇನೂ ಸತ್ತಿಲ್ಲ. ಬರ ಬಂದ ವರ್ಷ ಯಾವುದೋ ಊರಿನಲ್ಲಿ ಯಾರದೋ ಹೊಲದ ಮೂಲೆ ರಾತ್ರೋರಾತ್ರಿ ಗುಂಡಿಯಾಗಿತ್ತು ಎಂದು ಈಗಲೂ ಕೇಳುತ್ತೇನೆ.

ಆದರೆ ಆ ದಿನದ ಕೊನೆಯ ಮಾತುಗಳ ಬಗ್ಗೆ ಮನೆಯಲ್ಲಿ ಯಾರಿಗೂ ತಕರಾರಿಲ್ಲ. ಇದನ್ನು ನಮ್ಮೂರ ಜನದ ಮುಂದೆ ಬಂದು ಹೇಳುತ್ತೀರಾ ಅಣ್ಣ ಎಂದು ನಂಜುಂಡ ಕೇಳಿದ. ಅಪ್ಪ ಒಳಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು ಬಂದ. ಅಂಗಳ ದಾಟುವಾಗ ಅಜ್ಜಿ ಅವನನ್ನು ಕೂಗಿ ನಿಲ್ಲಿಸಿದಳು. ಗಂಡನ ಹೆಸರು ಅವಳ ಬಾಯಲ್ಲಿ ಬಂದದ್ದನ್ನು ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

"ಬರೀ ನಮ್ಮಪ್ಪ ನಮ್ಮಪ್ಪ ಅನ್ಬ್ಯಾಡ ಕಣ್ಲಾ. ಯಾರೋ ಅನ್ಕೊಂತಾರೆ. ಮರೀಗೌಡ ಅಂತ ಹೆಸ್ರು ಹಿಡ್ದು ಹೇಳು."